ನಿಂತವರ ಬಾಣ

"ನೀವು ಸತ್ತಿದ್ದೀರಿ ಮೇಡಂ, ಮಲ್ಕೊಳ್ಳಿ," ಎಂದು ಅಣಕು ಕವಾಯತಿನ ತೀರ್ಪುಗಾರ ಟ್ರೆಗೆರ್, ಥೆಲ್ಮಾಳ ಕೊರಳಿಗೆ ಕೆಂಪು ಚೀಟಿ ತೂಗಿಹಾಕಿದ. ಕ್ಷಿಪಣಿ ಬಡಿದಿದೆ ಎಂದು ಕಲ್ಪಿಸಿಕೊಂಡು, ಪ್ಲಿಮತ್ ಬಂದರಿನಲ್ಲಿ ನಿಂತಿದ್ದ ಯುದ್ಧನೌಕೆಯ ದೀಪ ಆರಿಸಿ, ಅದರೊಳಗಿನ ಓಣಿಗೆ ಹೊಗೆ ಬಿಟ್ಟಿದ್ದರು. ಓಣಿಯ ನಕ್ಷೆ ಬರೆದವಳು ಥೆಲ್ಮಾಳೇ. ಇವತ್ತು ಒಪ್ಪಿಗೆಯಾದರೆ ಮುಂದಿನ ನೌಕೆಗಳಿಗೂ ಅದೇ ಓಣಿ.

ನಾವಿಕ ಪ್ಯಾಸ್ಕೋ ತೆವಳುತ್ತ ಬಂದು ಅವಳ ಕಾಲಿಗೆ ತಾಗಿದ. "ಹೊರಗೆ ಹೋಗೋ ಏಣಿ ಯಾವ ಕಡೆ ಮೇಡಂ? ನೀವೇ ಕಟ್ಟಿದ ಮನೆಯಲ್ವಾ?"

"ಎಡಕ್ಕೆ."

"ಹೆಣ ಮಾತಾಡಬಾರದು," ಎಂದ ಟ್ರೆಗೆರ್.

ಪ್ಯಾಸ್ಕೋ ಎಡಕ್ಕೆ ಹೋಗಿ ಕೆಮ್ಮುತ್ತ ಮರಳಿದ. "ಅಲ್ಲಿ ಬರೀ ಗೋಡೆ. ಹೆಣಾನೂ ಸುಳ್ಳು ಹೇಳುತ್ತಾ?"

ಥೆಲ್ಮಾ ತಬ್ಬಿಬ್ಬಾದಳು. ಕಣ್ಣು ಮುಚ್ಚಿ ಬರೆಯಬಲ್ಲ ಓಣಿಯಿದು. ಮಲಗುವಾಗ ತಲೆ ಯಾವ ಕಡೆ ಹಾಕಿದ್ದೆ? ನೆಲದ ಹತ್ತಿರ ಹೊಗೆ ತೆಳುವಾಗಿತ್ತು. ಗೋಡೆಯ ಬುಡ ಕಾಣುತ್ತಿತ್ತು, ಅಲ್ಲಿ ಮಾತ್ರ ದಾರಿ ತೋರುವ ಗುರುತೇನೂ ಇರಲಿಲ್ಲ.

"ನೀನೂ ಹೋದೆ ಕಣಪ್ಪ," ಎಂದು ಟ್ರೆಗೆರ್ ಪ್ಯಾಸ್ಕೋನ ಕೊರಳಿಗೂ ಚೀಟಿ ಹಾಕಿ ಅವಳ ಪಕ್ಕ ಮಲಗಿಸಿದ.

ಹೊಗೆ ಕರಗಿದಾಗ, ನಿಂತವರ ಕಣ್ಣಿನ ಎತ್ತರದಲ್ಲಿ ಅವಳೇ ಬರೆಸಿದ ಹಸಿರು ಬಾಣ ಹೊಳೆಯುತ್ತ ಬಲಕ್ಕೆ, ಏಣಿಯ ಕಡೆಗೆ ತೋರಿಸುತ್ತಿತ್ತು.

"ಮುಗೀತು, ಏಳಿ ಮೇಡಂ," ಎಂದ ಟ್ರೆಗೆರ್.

ಥೆಲ್ಮಾ ಏಳಲಿಲ್ಲ. ಮಲಗಿದ್ದಲ್ಲಿಂದಲೇ ಪೆನ್ಸಿಲ್ ತೆಗೆದು, ಪ್ಯಾಸ್ಕೋನ ಕಿವಿಯ ಪಕ್ಕ, ಗೋಡೆಯ ಬುಡದಲ್ಲಿ, ಒಂದು ಬಾಣ ಬರೆಯತೊಡಗಿದಳು.