ಐದೂ ಹೇಳಿದ ಮೇಲೆ

ಹೊಳೆ ಏರುತ್ತದೆಂದು ಊರವರೆಲ್ಲ ಗುಡ್ಡ ಹತ್ತಿದರೂ ಫಕೀರವ್ವ ಮನೆ ಬಿಡಲಿಲ್ಲ. ಒಂದು ಚಾನೆಲ್ ಸುಳ್ಳು ಹೇಳಿದರೆ ಇನ್ನೊಂದಾದರೂ ನಿಜ ಹೇಳೀತೆಂದು ಟಿವಿಯ ಐದೂ ಸುದ್ದಿ ಚಾನೆಲ್‌ಗಳನ್ನು ತಿರುಗಿಸಿ ತಿರುಗಿಸಿ ನೋಡಿದ್ದಳು. ಡ್ಯಾಮಿನ ಗೇಟು ತೆರೆಯುವುದಿಲ್ಲವೆಂದು ಐದೂ ಹೇಳಿದ್ದವು.

ಈಗ ನೀರು ಮಾಳಿಗೆಯ ಅಂಚಿಗೆ ಬಂದಿತ್ತು. ಮಾಳಿಗೆಯ ಮೇಲೆ ಅವಳೂ, ಸುದ್ದಿಗೆಂದು ಬಂದು ಸಿಕ್ಕಿಕೊಂಡ ಟಿವಿ ವರದಿಗಾರನೂ ಇಬ್ಬರೇ.

"ದೋಣಿ ಬರತೈತೇನಪಾ?"

"ಬರೂದಿಲ್ಲ ಯವ್ವಾ. ಈ ಊರು ಖಾಲಿ ಆಗೈತಿ ಅಂತ ಮುಂಜಾನೇನ ಸುದ್ದಿ ಹೋಗೈತಿ."

"ಅದನ್ನೂ ಐದೂ ಚಾನೆಲ್‌ನವ್ರು ಹೇಳ್ಯಾರೇನು? ಐದೂ ಮಂದಿ ಕೂಡಿ ಒಂದ ಸುಳ್ಳು ಹೆಂಗ ಹೇಳಿದ್ರು?"

ಅವನು ನೆನೆದ ಚೀಲವನ್ನು ಬೋರಲು ಹಾಕಿದ. ಮೈಕಿಗೆ ಸಿಕ್ಕಿಸುವ, ಐದು ಚಾನೆಲ್‌ಗಳ ಐದು ಲೋಗೋ ಬಿದ್ದವು. ಮೈಕ್ ಒಂದೇ ಇತ್ತು.