ಇಟಗಿ ಪ್ರೊಫೆಸರರ ದವಡೆ

"ಸರ, ಹಲ್ಲಿನ ಸೆಟ್ ತಗದು ಈ ಬಟ್ಟಲದಾಗ ಇಡ್ರಿ," ಎಂದೆ.

ಇಟಗಿ ಪ್ರೊಫೆಸರರು ತುಟಿ ಬಿಗಿಹಿಡಿದರು. ಎಪ್ಪತ್ತು ತುಂಬಿದವರೆಲ್ಲ ನಮ್ಮ ಮ್ಯೂಸಿಯಮ್ಮಿಗೆ ಬಂದು ದವಡೆ ಅಳೆಸಿಕೊಳ್ಳಬೇಕು. ದವಡೆ ಎಲುಬಿನ ಎತ್ತರ ಇಪ್ಪತ್ತೈದು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅವರು ಪೂರ್ವಮಾನವರು. ಸತ್ತ ಮೇಲೆ ಅವರ ತಲೆಬುರುಡೆ ಮಣ್ಣಿಗಲ್ಲ, ಇಲ್ಲಿನ ಗಾಜಿನ ಕಪಾಟಿಗೆ. ಅಳೆಯುವಾಗ ಕಟ್ಟಿಸಿದ ಹಲ್ಲು ಇರಕೂಡದೆಂಬ ನಿಯಮ ಬರೆದವರು ಇವರೇ. ಆಗ ಇವರ ಬಾಯಲ್ಲಿ ಮೂವತ್ತೆರಡೂ ಇದ್ದವು.

"ಹಲ್ಲು ಹೋದ್ರ ಎಲುಬು ಸವೀತದ ತಂಗಿ. ಅದು ವಯಸ್ಸಿನ ಕಾಟ, ಪೂರ್ವಮಾನವರ ಲಕ್ಷಣ ಅಲ್ಲ."

"ನಮ್ಮವ್ವನೂ ಹಿಂಗ ಅಂತ ಅತ್ತಿದ್ಲು ಸರ. ಅಳದಾವ್ರು ನೀವ. ಇಪ್ಪತ್ನಾಕು ಬಂದಿತ್ತು."

ಅವರು ನನ್ನ ಮುಖವನ್ನೇ ನೋಡಿದರು. ಅವರಿಗೆ ನೆನಪಾಗಲಿಲ್ಲ. ಹಲ್ಲಿನ ಸೆಟ್ ತೆಗೆದು ಬಟ್ಟಲಲ್ಲಿಟ್ಟರು. ನಾನು ಅಳತೆಯ ಇಕ್ಕಳವನ್ನು ಅವರ ದವಡೆಗೆ ಹಿಡಿದೆ. ಎಳ್ಳಷ್ಟೂ ಒತ್ತಲಿಲ್ಲ, ಒತ್ತುವ ಅಗತ್ಯವೇ ಬೀಳಲಿಲ್ಲ. ಹತ್ತೊಂಬತ್ತು.

"ಇನ್ನೊಮ್ಮೆ ನೋಡವಾ," ಎಂದು ಬೊಚ್ಚುಬಾಯಲ್ಲಿ ಬೇಡಿ ಕೈ ಮುಗಿದರು.

ಇನ್ನೊಮ್ಮೆ ಅಳೆದೆ. ಹತ್ತೊಂಬತ್ತೇ.

"ನಮ್ಮವ್ವನ ಬುರುಡಿ ಬಾಜೂಕ ಹನ್ನೊಂದು ವರ್ಷದಿಂದ ಒಂದು ಜಾಗ ಖಾಲಿ ಇಟ್ಟೀನ್ರಿ ಸರ," ಎಂದೆ. "ದಿನಾ ನಾನ ಧೂಳ ಒರಸ್ತೀನಿ. ನಿಮಗಂತ."