ಗರಡಿಗೆ ಬಿಟ್ಟ ಮೈ

ಬೆಳಿಗ್ಗೆ ಇಸ್ತ್ರಿಗೆ ಸೀರೆ ಕೊಟ್ಟಷ್ಟೇ ಸಲೀಸಾಗಿ ತನ್ನ ಮೈಯನ್ನು ಗರಡಿಮನೆಯಲ್ಲಿ ಬಿಟ್ಟು, ಬಾಡಿಗೆ ಮೈ ತೊಟ್ಟು ಶಾಲೆಗೆ ಹೋಗುವುದು ಗಣಿತದ ಟೀಚರ್ ನೀಲಾಂಬಿಕೆಯ ರೂಢಿ. ಹುಬ್ಬಳ್ಳಿಯ ಅರ್ಧ ಊರೇ ಹಾಗೆ ಮಾಡುತ್ತಿತ್ತು. ಅವಳು ಪಾಠ ಮಾಡುವಷ್ಟು ಹೊತ್ತು ಗರಡಿಯವರು ಆ ಮೈಯನ್ನು ಓಡಿಸಿ, ಬಸ್ಕಿ ಹೊಡೆಸಿ ಗಟ್ಟಿ ಮಾಡುತ್ತಿದ್ದರು. ಸಂಜೆ ಅದನ್ನು ತೊಟ್ಟು ಮನೆಗೆ ಬಂದರೆ ಮೈಕೈಯೆಲ್ಲ ನೋವು, ಉಂಡವಳೇ ಮಲಗಿಬಿಡುವಳು. ಇರಲಿ, ಮಗಳು ಚಿನ್ಮಯಿಯ ಮೊಮ್ಮಕ್ಕಳನ್ನೂ ಎತ್ತಿ ಆಡಿಸುವಷ್ಟು ಕಾಲ ಬಾಳಬೇಕಲ್ಲ!

ಇವತ್ತು ಸಂಜೆ ಗರಡಿಯಲ್ಲಿ ಅವಳ ಮೈ ಇರಲಿಲ್ಲ. ಅದರ ಜಾಗದಲ್ಲಿ ಅತ್ತೆ ಗುರಸಿದ್ದವ್ವನ ಮೈ ಕಣ್ಣು ಮುಚ್ಚಿ ಕೂತಿತ್ತು, ಊದಿದ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು.

"ನಿಮ್ಮ ಮೈ ಅತ್ತಿಯವರು ಹಾಕ್ಕೊಂಡು ಹೋದ್ರಲ್ರೀ ಟೀಚರ್," ಎಂದ ಗರಡಿಯ ಫಕ್ಕೀರಪ್ಪ. "ಮನಿ ಮಂದಿ ಅಂತ ಕೊಟ್ಟೆ. ಈ ಮೊದಲೂ ಒಯ್ದಿದ್ರು."

ನೀಲಾಂಬಿಕೆ ಬಾಡಿಗೆ ಮೈಯಲ್ಲೇ ಮನೆಗೆ ಓಡಿದಳು.

ಅಂಗಳದಲ್ಲಿ, ಗರಡಿಯ ಟ್ರ್ಯಾಕ್‌ಪ್ಯಾಂಟಿನಲ್ಲೇ, ಅವಳ ಮೈ ಚಿನ್ಮಯಿಯೊಡನೆ ಕುಂಟಾಬಿಲ್ಲೆ ಆಡುತ್ತಿತ್ತು. ತನ್ನದೇ ಗಂಟಲಿನಿಂದ ಅಂಥ ನಗೆ ಹೊರಟದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಅತ್ತೆಯನ್ನು ಚೆನ್ನಾಗಿ ಬೈಯಬೇಕೆಂದು ಬಾಯಿ ತೆರೆದಳು.

ಗೇಟಿನ ಬಳಿ ನಿಂತ ಬಾಡಿಗೆ ಮೈಯನ್ನು ಯಾರೋ ಹೆಂಗಸೆಂಬಂತೆ ಒಮ್ಮೆ ನೋಡಿ, ಚಿನ್ಮಯಿ ಆ ಮೈಯ ಕೈ ಹಿಡಿದು ಜಗ್ಗಿದಳು.

"ಅಜ್ಜೀ, ಲಗೂನ ಇನ್ನೊಂದು ಆಟ ಆಡೂಣು. ಅವ್ವ ಬಂದಳಂದ್ರ ಈ ಮೈ ಮಲಗಿಬಿಡ್ತದ."